ಪಾವ್ಲಾಳ ಹೊಲದ ಅಟ್ಟಣೆ

ಆಗಸ್ಟ್ 24, ಶನಿವಾರ

ಗಾಳಿ: ಪಡುವಣದಿಂದ, ಮೆಲ್ಲಗೆ. ಬೆಳಕು: ಚೆನ್ನಾಗಿದೆ.

ರಾಜಧಾನಿ ಲ್ಯುಬ್ಲಿಯಾನಾದಿಂದ ಕರಡಿ ಹೊಡೆಯಲು ಅನುಮತಿ ಬಂತು. ನೂರು ಕಿಲೋ ಮೀರದ ಒಂಟಿ ಕರಡಿ, ಒಂದೇ ಒಂದು, ಪಾವ್ಲಾಳ ಮೆಕ್ಕೆಜೋಳದ ಹೊಲಕ್ಕೆ ನುಗ್ಗುತ್ತಿರುವುದು. ಮರಿಗಳ ಜೊತೆಗಿರುವ ತಾಯಿಯನ್ನು ಮುಟ್ಟುವಂತಿಲ್ಲ. ಸೆಪ್ಟೆಂಬರ್ ಮುಗಿಯುವುದರೊಳಗೆ ಕೆಲಸ ಆಗಬೇಕು.

ಕಾಗದ ಕೈಗಿಡುವಾಗ ನಮ್ಮ ಬೇಟೆ ಸಂಘದ ಮುಖ್ಯಸ್ಥ ಗಾಶ್ಪೆರ್ ಸುಮ್ಮನಿರಲಿಲ್ಲ. "ವಿಂಕೊ ಮಾವ, ನಿಮ್ಮ ಕೈಲಾಗುತ್ತಾ? ಇಲ್ಲಾಂದ್ರೆ ಆಲ್ಯಾಶ್‌ಗೆ ಹೇಳ್ತೀನಿ" ಎಂದ. ಆಲ್ಯಾಶ್ ಅನ್ನುವವನು ಕಳೆದ ವರ್ಷ ಸಂಘಕ್ಕೆ ಸೇರಿದವನು. ಅವನ ಕೋವಿಗಿಂತ ಅದರ ಮೇಲೆ ಕೂರಿಸಿರುವ ದುರ್ಬೀನೇ ದೊಡ್ಡದು. ನಾನು ಈ ಕಾಡಿನಲ್ಲಿ ಕರಡಿ ಹೊಡೆಯುವಾಗ ಅವನಪ್ಪನಿಗೆ ಮದುವೆಯಾಗಿರಲಿಲ್ಲ.

"ಒಂದು ವಾರ ಸಾಕು" ಎಂದು ಹೇಳಿ ಬಂದೆ. ಒಂದು ವಾರವೂ ಹೆಚ್ಚಾಯಿತು. ಮರದ ಕಾರ್ಖಾನೆಯಿಂದ ನಿವೃತ್ತನಾದ ಮೇಲೆ ಕೈಗೆ ಕೆಲಸವಿಲ್ಲ, ಕೂತಲ್ಲಿ ಕೂರಲಾಗುವುದಿಲ್ಲ, ಮಲಗಿದರೆ ನಿದ್ದೆ ಬರುವುದಿಲ್ಲ. ಒಂದು ಕೆಲಸ ಸಿಕ್ಕಿತಲ್ಲ, ಅಷ್ಟೇ ಸಾಕು.

ಆಗಸ್ಟ್ 27, ಮಂಗಳವಾರ

ಗಾಳಿ: ಪಡುವಣದಿಂದ, ಆಮೇಲೆ ನಿಂತಿತು. ಬೆಳಕು: ಸೂರ್ಯ ಮುಳುಗಿದ ಮೇಲೂ ಸ್ವಲ್ಪ ಹೊತ್ತು ಇತ್ತು.

ಹೊಲದ ಅಂಚಿನಲ್ಲಿ ಕಾಡಿಗೆ ಮುಖ ಮಾಡಿಕೊಂಡಿರುವ ಅಟ್ಟಣೆಯನ್ನು ನಾನೂ ರೂಡಿಯೂ ಸೇರಿ ಕಟ್ಟಿದ್ದು. ರೂಡಿ ಪಾವ್ಲಾಳ ಗಂಡ, ನನ್ನ ಬೇಟೆಯ ಜೊತೆಗಾರ. ಮೂರು ವರ್ಷದ ಹಿಂದೆ ಸೌದೆ ಜೋಡಿಸುತ್ತಿದ್ದಾಗ ಎದೆ ಹಿಡಿದುಕೊಂಡು ಕೂತವನು ಮತ್ತೆ ಏಳಲಿಲ್ಲ. ಏಣಿಯ ಮೂರನೆಯ ಮೆಟ್ಟಿಲು ಆಗಲೂ ಕಿರುಗುಟ್ಟುತ್ತಿತ್ತು, ಈಗಲೂ ಕಿರುಗುಟ್ಟುತ್ತದೆ. "ನಾಳೆ ಸರಿಮಾಡ್ತೀನಿ" ಎನ್ನುತ್ತಲೇ ಅವನು ಹೋದ.

ನಾನು ಹತ್ತುವಾಗ ಪಾವ್ಲಾ ಬೇಲಿಯಾಚೆ ನಿಂತಿದ್ದಳು.

"ಬಂದ್ಯಾ? ನಾನೇನೋ ಜೋಳ ಎಲ್ಲಾ ಮುಗಿದ ಮೇಲೆ ಬರ್ತೀಯ ಅಂದ್ಕೊಂಡಿದ್ದೆ."

"ಅನುಮತಿ ಇಲ್ದೆ ಹೇಗಮ್ಮ ಹೊಡೆಯೋದು?"

"ಕರಡಿಗೆ ಯಾರಯ್ಯಾ ಅನುಮತಿ ಕೊಟ್ಟಿದ್ದು? ಬ್ಯಾಟರಿ ಕರೆಂಟಿನ ಬೇಲಿ ಹಾಕಿಸ್ದೆ, ಅಡಿಯಲ್ಲಿ ಮಣ್ಣು ಕೆದಕಿ ನುಸುಳ್ತು. ರೇಡಿಯೋ ಹಚ್ಚಿಟ್ಟೆ, ಹಾಡು ಕೇಳ್ಕೊಂಡೇ ತಿಂತು. ನೀವು ಸಂಘದೋರು ಕಾಡಲ್ಲಿ ವರ್ಷವಿಡೀ ಮೂಟೆಗಟ್ಟಲೆ ಜೋಳ ಸುರೀತೀರಿ, ಅದು ಅದೇ ರುಚಿ ಹುಡುಕ್ಕೊಂಡು ನನ್ನ ಹೊಲಕ್ಕೆ ಬಂದ್ರೆ ಕೋವಿ ತರ್ತೀರಿ. ಒಳ್ಳೆ ಕಥೆ."

ಕಾಡಿನ ಮೇವಿನ ಜಾಗಕ್ಕೆ ಜೋಳ ಹಾಕುವುದು ಕರಡಿಗಳು ಕಾಡಿನಲ್ಲೇ ಇರಲಿ ಅಂತ. ಇದನ್ನು ಅವಳಿಗೆ ಎಷ್ಟು ಸಲ ಹೇಳಿದ್ದೇನೋ. ಹೆಂಗಸರ ಜೊತೆ ವಾದಕ್ಕಿಳಿಯಬಾರದು. ಸುಮ್ಮನೆ ಹತ್ತಿ ಕೂತೆ.

ಕತ್ತಲಾಗುವ ಮುಂಚೆ ಬಂತು. ಕಾಣಲಿಲ್ಲ, ಕೇಳಿಸಿತು. ದಂಟು ಲಟಲಟ ಮುರಿಯುವ ಸದ್ದು, ಆಮೇಲೆ ಚಪ್ಪರಿಸುವ ಸದ್ದು. ಹೊಲದ ನಡುವೆ ಗರಿಗಳ ತುದಿ ಅಲುಗುತ್ತಿದ್ದವು. ಅಲುಗುವ ಜೋಳಕ್ಕೆ ಗುಂಡು ಹೊಡೆಯುವವನು ಬೇಟೆಗಾರನಲ್ಲ. ಹಿಂದೆ ಹಸು ಇರಬಹುದು, ಮನುಷ್ಯ ಇರಬಹುದು. ಇಳಿದು ಬಂದೆ.

ಆಗಸ್ಟ್ 30, ಶುಕ್ರವಾರ

ಗಾಳಿ: ತೆಂಕಣದಿಂದ. ಬೆಳಕು: ಚೆನ್ನಾಗಿತ್ತು.

ಇವತ್ತು ಮುಖ ಕಂಡಿತು. ಗಂಡು, ಎಳೆಯದು, ಮೂರು ವರ್ಷದ್ದಿರಬೇಕು. ಕುತ್ತಿಗೆಯ ಸುತ್ತ ಬಿಳಿ ಪಟ್ಟಿ, ಪಾದ್ರಿಗಳ ಕಾಲರಿನ ಹಾಗೆ. ಕಾಡಂಚಿನ ಹುಲ್ಲಿಗೆ ಬಂದು, ನಿಂತು, ಮೂಗೆತ್ತಿತು. ನಾನು ಕೋವಿ ಎತ್ತುತ್ತಿದ್ದೆ. ಅಷ್ಟರಲ್ಲಿ ನನ್ನ ಹೊಟ್ಟೆ ಗುಡುಗಿತು. ಬರೆಯಲು ನಾಚಿಕೆಯಾಗುತ್ತದೆ, ಆದರೆ ಇದನ್ನು ಬೇರೆ ಯಾರೂ ಓದುವುದಿಲ್ಲ. ಮಧ್ಯಾಹ್ನ ಬ್ರೆಡ್ಡು ಮತ್ತು ಈರುಳ್ಳಿ ತಿಂದಿದ್ದೆ, ಒಬ್ಬನಿಗೆ ಇನ್ನೇನು ಬೇಯಿಸುವುದು. ಕರಡಿ ಒಂದೇ ನೆಗೆತಕ್ಕೆ ಕಾಡು ಸೇರಿತು.

ಇಳಿದಾಗ ಪಾವ್ಲಾ ಹಂದಿಗೂಡಿನ ಬಾಗಿಲಿಗೆ ಅಗುಳಿ ಹಾಕುತ್ತಿದ್ದಳು. "ಗುಡುಗು ಕೇಳಿಸ್ತು. ಮಳೆ ಬರುತ್ತಾ?" ಎಂದಳು.

ನಾನು ಕೋವಿಯನ್ನು ಹೆಗಲಿಗೇರಿಸಿದೆ.

"ನಾಳೆಯಿಂದ ಏನಾದ್ರೂ ತಂದ್ಕೊಡ್ತೀನಿ. ನಿನ್ನ ಹೊಟ್ಟೆಗೋಸ್ಕರ ಅಲ್ಲ ಕಣಯ್ಯಾ, ನನ್ನ ಜೋಳಕ್ಕೋಸ್ಕರ."

ಸೆಪ್ಟೆಂಬರ್ 2, ಸೋಮವಾರ

ಗಾಳಿ: ಪಡುವಣದಿಂದ.

ಹುಳಿ ಎಲೆಕೋಸು ಮತ್ತು ಬೀನ್ಸಿನ ಸಾರು, ಒಳಗೆ ಹೊಗೆಯಲ್ಲಿ ಒಣಗಿಸಿದ ಮಾಂಸದ ತುಂಡು. ಹಿಡಿಕೆಯ ಡಬ್ಬಿಗೆ ಹಾಕಿ ಮುಚ್ಚಳ ಬಿಗಿದು ತಂದಳು. ಕೋವಿ ಮೇಲೆಳೆದುಕೊಳ್ಳಲು ರೂಡಿ ಕಟ್ಟಿದ್ದ ಹಗ್ಗ ಇನ್ನೂ ಇದೆ. ಅದಕ್ಕೆ ಡಬ್ಬಿ ಕಟ್ಟಿದಳು, ನಾನು ಎಳೆದುಕೊಂಡೆ. ತಿಂದು ಇಳಿಬಿಟ್ಟೆ. ಕೆಳಗಿನಿಂದ ಪಿಸುಗುಟ್ಟಿದಳು, "ಉಪ್ಪು?"

"ಸರಿ ಇದೆ."

"ಸುಳ್ಳು. ಕಡಿಮೆ ಆಗಿದೆ."

ಕಡಿಮೆಯೇ ಆಗಿತ್ತು. ಕರಡಿ ಬಂತು, ತೀರಾ ಹೊತ್ತಾಗಿ ಬಂತು.

ಸೆಪ್ಟೆಂಬರ್ 5, ಗುರುವಾರ

ಗಾಳಿ ಹೆಚ್ಚಿರಲಿಲ್ಲ.

ಬೆಳಿಗ್ಗೆ ಗಡ್ಡ ಬೋಳಿಸಿಕೊಂಡೆ. ಬಿಳಿಗಡ್ಡ ಸಂಜೆ ಬೆಳಕಿಗೆ ಹೊಳೆಯುತ್ತದೆ, ಕರಡಿಯ ಕಣ್ಣಿಗೆ ಬೀಳುತ್ತದೆ. ಹಳೆಯ ಅಂಗಿಯನ್ನೂ ಬದಲಾಯಿಸಿದೆ. ಅದಕ್ಕೆ ಡೀಸೆಲ್ ವಾಸನೆ ಹತ್ತಿಬಿಟ್ಟಿದೆ. ಕೊಚೇವ್ಯೆ ಪೇಟೆಗೆ ಹೋಗಿ ಹಸಿರು ಬಣ್ಣದ್ದೊಂದು ಕೊಂಡೆ. ಅಂಗಡಿಯ ಹುಡುಗಿ "ಮದುವೆಗಾ?" ಎಂದು ಕೇಳಿದಳು. "ಕರಡಿಗೆ" ಎಂದೆ.

ಒಡೆದ ಹಾಲಿನ ಗಿಣ್ಣು ತುಂಬಿ ಬೇಯಿಸಿದ ಹಿಟ್ಟಿನ ಸುರುಳಿ, ಮೇಲೆ ಬೆಣ್ಣೆಯಲ್ಲಿ ಹುರಿದ ಬ್ರೆಡ್ಡಿನ ಪುಡಿ. ಅಮ್ಮ ಸತ್ತ ಮೇಲೆ ನಾನು ಇದನ್ನು ತಿಂದಿರಲಿಲ್ಲ. ನಾನು ಮದುವೆಯಾದವನಲ್ಲ. ಅಮ್ಮನ ಕೈಯಡುಗೆ ಬಿಟ್ಟರೆ ಬೇರೆ ಅಡುಗೆ ಗೊತ್ತಿದ್ದವನೂ ಅಲ್ಲ.

ಪಾವ್ಲಾ ಏಣಿಯ ಮೂರನೆಯ ಮೆಟ್ಟಿಲ ಮೇಲೆ ಕೂತಿದ್ದಳು. ಅದು ಕಿರುಗುಟ್ಟಿತು. ಬೇರೆ ಯಾರಾದರೂ ಹೀಗೆ ಅಟ್ಟಣೆಯ ಬುಡದಲ್ಲಿ ಕೂತಿದ್ದರೆ ಬೈದು ಓಡಿಸುತ್ತಿದ್ದೆ. ಒಂದು ಸಲ ಕೆಮ್ಮಿದ್ದಕ್ಕೆ ರೂಡಿಯ ಜೊತೆ ಎರಡು ವಾರ ಮಾತು ಬಿಟ್ಟಿದ್ದವನು ನಾನು. ಆದರೆ ಪಾವ್ಲಾಳ ವಾಸನೆ ಕರಡಿಗೆ ಅಭ್ಯಾಸವಾಗಿದೆ, ಹೊಲ ಅವಳದೇ ತಾನೆ. ಆದ್ದರಿಂದ ತೊಂದರೆಯಿಲ್ಲ.

"ಪಾದ್ರಿಗಳು ಬಂದ್ರಾ?" ಎಂದು ಪಿಸುಗುಟ್ಟಿದಳು. ಕಾಲರಿನ ವಿಷಯ ಹೇಳಿದಾಗಿನಿಂದ ಕರಡಿಗೆ ಅದೇ ಹೆಸರು.

"ಇನ್ನೂ ಇಲ್ಲ."

"ಪೂಜೆಗೆ ತಡವಾಗಿ ಬರೋ ಪಾದ್ರಿನ ಇವತ್ತೇ ನೋಡಿದ್ದು."

ನಗು ಬಂತು. ಅಟ್ಟಣೆಯ ಮೇಲೆ ನಗು ತಡೆಯುವುದು ಕಷ್ಟ, ಹಲಗೆಯೆಲ್ಲ ಅಲುಗುತ್ತದೆ.

ಸೆಪ್ಟೆಂಬರ್ 9, ಸೋಮವಾರ

ಮೆಕ್ಕೆಜೋಳದ ಹಿಟ್ಟಿನ ಗಟ್ಟಿ ಮುದ್ದೆ, ಫೋರ್ಕಿನಿಂದ ಉದುರಿಸಿ ಮೇಲೆ ಹುರಿದ ಹಂದಿ ಕೊಬ್ಬು. ಜೊತೆಗೆ ಹುಳಿ ಹಾಲು. ಹಿಟ್ಟು ಹೋದ ವರ್ಷದ ಬೆಳೆಯದು. "ಈ ವರ್ಷದ್ದು ಪಾದ್ರಿಗಳ ಹೊಟ್ಟೇಲಿದೆ" ಎಂದಳು.

ಅವಳು ಪಾತ್ರೆ ತೆಗೆದುಕೊಂಡು ಹೋದ ಮೇಲೆ ಕರಡಿ ಹೊರಗೆ ಬಂತು. ಕಾಡಂಚಿನ ಹುಲ್ಲಿನ ಮೇಲೆ, ಬಯಲಿಗೆ, ನನ್ನ ಕಡೆ ಮಗ್ಗುಲು ಕೊಟ್ಟು ಕೂತಿತು. ಎರಡೂ ಕೈಯಲ್ಲಿ ತೆನೆ ಹಿಡಿದು ಸಿಪ್ಪೆ ಸುಲಿಯುತ್ತಿತ್ತು. ಹಿಂದೆ ದಿಬ್ಬ, ಗುಂಡು ದಾಟಿ ಹೋಗುವ ಭಯವಿಲ್ಲ. ಮೂತಿಗೆ ಜೋಳದ ನವಿರು ಎಳೆ ಅಂಟಿದ್ದು ಕೂಡ ಕಾಣುತ್ತಿತ್ತು. ಒಂದು ಸಲ ಸೀನಿತು.

ಬೆಳಕು ಸಾಲದೆ ಬಿಟ್ಟುಬಿಟ್ಟೆ.

ಗಾಶ್ಪೆರ್ ಫೋನು ಮಾಡಿದ್ದ. "ಒಂದು ವಾರ ಅಂದಿದ್ರಿ ಮಾವ." ಕರಡಿ ಬೇಟೆ ಬ್ರೆಡ್ಡು ಕೊಂಡು ತಂದಷ್ಟು ಸುಲಭವಲ್ಲ ಎಂದು ಹೇಳಿದೆ. ಆಲ್ಯಾಶ್‌ನನ್ನು ಕಳಿಸಲೇ ಎಂದ. ಅದು ನನ್ನ ಅಟ್ಟಣೆ, ನಾನು ಕಟ್ಟಿದ್ದು, ಅವನೇನಾದರೂ ಏಣಿಗೆ ಕಾಲಿಟ್ಟರೆ ಸಂಘವನ್ನೇ ಬಿಡುತ್ತೇನೆ ಎಂದೆ. ಫೋನನ್ನು ಕುಕ್ಕಿಟ್ಟೆ. ಇಷ್ಟು ಸಿಟ್ಟು ಯಾಕೆ ಬಂತೋ ತಿಳಿಯದು. ಮೊದಲಿನಿಂದಲೂ ನನ್ನದು ಮೂಗಿನ ತುದಿಯ ಕೋಪ.

ಸೆಪ್ಟೆಂಬರ್ 12, ಗುರುವಾರ

ಒಂದು ಉಪಾಯ ಹೊಳೆದಿದೆ. ಸಂಘದ ಕಣಜದಿಂದ ಜೋಳದ ಮೂಟೆಗಳನ್ನು ಟ್ರ್ಯಾಕ್ಟರಿಗೆ ಹೇರಿಕೊಂಡು ಕಾಡಿನೊಳಗಿನ ಮೇವಿನ ಜಾಗಕ್ಕೆ ಹಾಕಿ ಬಂದೆ. ಹೋದ ತಿಂಗಳು ಹಾಕಿದ್ದಕ್ಕಿಂತ ಎರಡು ಪಾಲು. ಕರಡಿ ಸ್ವಲ್ಪ ದಿನ ಅಲ್ಲೇ ಹೊಟ್ಟೆ ತುಂಬಿಸಿಕೊಳ್ಳಲಿ. ಪಾವ್ಲಾಳ ಜೋಳ ಉಳಿಯುತ್ತದೆ, ನಾನೂ ಆತುರಪಡಬೇಕಾಗಿಲ್ಲ, ನಿಧಾನವಾಗಿ, ಸರಿಯಾದ ಬೆಳಕಿನಲ್ಲಿ, ಸರಿಯಾದ ಗಾಳಿಯಲ್ಲಿ ಹೊಡೆಯಬಹುದು. ಪಾವ್ಲಾಳ ಮನೆಯ ಮುಂದಿನ ದಾರಿಯಲ್ಲೇ ಹೋದೆ, ಅದೇ ಹತ್ತಿರ. ಅವಳು ಬಟ್ಟೆ ಒಣಹಾಕುತ್ತಿದ್ದಳು. ಕೈ ಎತ್ತಿದಳು. ನಾನೂ ಹಾರ್ನ್ ಮಾಡಿದೆ.

ಆಲೂಗೆಡ್ಡೆ, ಅಣಬೆಯ ಗೊಜ್ಜು. ಸೇಬಿನ ಸುರುಳಿಯ ಎರಡು ತುಂಡು. ಒಂದನ್ನು ನಾಳೆಗೆ ಇಟ್ಟುಕೋ ಎಂದಿದ್ದಳು, ಎರಡನ್ನೂ ತಿಂದೆ.

ಸೆಪ್ಟೆಂಬರ್ 13, ಶುಕ್ರವಾರ

ಬರೆಯಲು ಮನಸ್ಸಿಲ್ಲ. ಬರೆಯದಿದ್ದರೆ ನಿದ್ದೆಯೂ ಬರುವುದಿಲ್ಲ.

ಒಂದು ಮೂಟೆಗೆ ತೂತಿತ್ತು. ಇಲಿ ಕಡಿದಿರಬೇಕು. ಕಾಡಿನ ಮೇವಿನ ಜಾಗದಿಂದ ಹಿಡಿದು ಪಾವ್ಲಾಳ ಅಂಗಳದ ಮುಂದಿನವರೆಗೆ ದಾರಿಯುದ್ದಕ್ಕೂ ಜೋಳ ಉದುರಿಸಿಕೊಂಡು ಹೋಗಿದ್ದೇನೆ. ಮದುಮಗಳ ದಾರಿಗೆ ಹೂ ಚೆಲ್ಲಿದ ಹಾಗೆ. ಪಾದ್ರಿ ಕಾಡಿನಲ್ಲಿ ತಿಂದು, ಆಮೇಲೆ ಕಾಳು ಕಾಳಾಗಿ ಹೆಕ್ಕುತ್ತಾ, ನೆಟ್ಟಗೆ ಅವಳ ಮನೆಗೆ ಬಂದಿದೆ. ಬೆಳಗಿನ ಜಾವ ಹಂದಿಗೂಡಿನ ಬಾಗಿಲಿನ ಎರಡು ಹಲಗೆ ಕಿತ್ತಿದೆ. ಹಂದಿ ಅರಚಿದ್ದಕ್ಕೆ ಪಾವ್ಲಾ ಎದ್ದು ಬಾಣಲೆ ಬಡಿದಿದ್ದಾಳೆ, ಅದಕ್ಕೆ ಕರಡಿ ಓಡಿದೆ. ಅವಳಿಗೂ ಅದಕ್ಕೂ ನಡುವೆ ಅಂಗಳದ ಅಗಲ ಮಾತ್ರ ಇತ್ತು.

ನನಗೆ ಹೇಳಿದವನು ಗಾಶ್ಪೆರ್. ಅವಳ ಮನೆಗೆ ಓಡಿದೆ. ಅವಳು ಅಂಗಳದಲ್ಲಿ ನಿಂತಿದ್ದಳು. ಅಂಗೈಯಲ್ಲಿ ಹೆಕ್ಕಿದ ಕಾಳು ಹಿಡಿದಿದ್ದಳು.

"ಇದೇನು?"

"ಮೂಟೆ ತೂತಾಗಿತ್ತು ಪಾವ್ಲಾ. ನಾನು ನೋಡ್ಲಿಲ್ಲ."

"ನೀನು ಕರಡಿ ಹೊಡೆಯೋಕೆ ಬಂದೋನಾ, ಅದನ್ನ ಊಟಕ್ಕೆ ಕರೆಯೋಕೆ ಬಂದೋನಾ?"

"ಜೋಳ ಉಳೀಲಿ ಅಂತ ಕಾಡಿಗೆ..."

"ಉಳೀತಾ?"

ನಾನು ಹಲಗೆ ಮೊಳೆ ತಂದು ಬಾಗಿಲು ಸರಿಮಾಡಿ ಕೊಟ್ಟೆ. ಅವಳು ಒಳಗಿನಿಂದ ಹೊರಬರಲಿಲ್ಲ. ಸಂಜೆ ಅಟ್ಟಣೆಯ ಮೇಲೆ ಕೂತೆ. ಡಬ್ಬಿ ಬರಲಿಲ್ಲ. ಕರಡಿಯೂ ಬರಲಿಲ್ಲ.

ಅವಳಿಗೆ ಏನಾದರೂ ಆಗಿದ್ದರೆ?

ಸೆಪ್ಟೆಂಬರ್ 15, ಭಾನುವಾರ

ಚರ್ಚಿನ ಹೊರಗೆ ಎಲ್ಲರಿಗೂ ವಿಷಯ ಗೊತ್ತಾಗಿದೆ. "ವಿಂಕೊ, ನಮ್ಮನೆಗೂ ಸ್ವಲ್ಪ ಜೋಳ ಚೆಲ್ಲಯ್ಯಾ, ಕೋಳಿಗೆ ಆಗುತ್ತೆ" ಎಂದು ಒಬ್ಬ. ಪಾವ್ಲಾ ಹಿಂದಿನ ಸಾಲಿನಲ್ಲಿ ಕೂತಿದ್ದಳು, ಮುಗಿಯುತ್ತಲೇ ಹೊರಟುಹೋದಳು.

ಬ್ರೆಡ್ಡು, ಈರುಳ್ಳಿ.

ಸೆಪ್ಟೆಂಬರ್ 16, ಸೋಮವಾರ

ಮಳೆ. ಕೂತೆ. ಏನೂ ಇಲ್ಲ.

ಸೆಪ್ಟೆಂಬರ್ 19, ಗುರುವಾರ

ಗಾಳಿ: ಮೂಡಣದಿಂದ. ಬೆಳಕು: ಮೋಡ.

ಮನೆಯೊಳಗೆ ಅತ್ತಿಂದಿತ್ತ ನಡೆದು ನಡೆದು ನೆಲಹಾಸು ಸವೆಯಿತು. ಕೋವಿಯನ್ನು ಬಿಚ್ಚಿ ಎಣ್ಣೆ ಹಾಕಿ ಮತ್ತೆ ಜೋಡಿಸಿದೆ. ನಿನ್ನೆಯೂ ಅದನ್ನೇ ಮಾಡಿದ್ದೆ. ತಡೆಯಲಾಗದೆ ಹಗಲಿನಲ್ಲೇ ಅವಳ ಮನೆಗೆ ಹೋದೆ, ಏಣಿಯ ಮೂರನೆಯ ಮೆಟ್ಟಿಲು ಸರಿಮಾಡಲು ಉಳಿ ಬೇಕು ಎಂದು ನೆಪ ಮಾಡಿಕೊಂಡು. ನನ್ನ ಹತ್ತಿರವೇ ನಾಲ್ಕು ಉಳಿ ಇವೆ.

ಅವಳು ಫೋನಿನಲ್ಲಿ ಮಾತಾಡುತ್ತಿದ್ದಳು. ಕೋಪರ್‌ನಲ್ಲಿ ಸಮುದ್ರದ ದಂಡೆಯಲ್ಲಿ ಅವಳ ತಂಗಿ ಸ್ಲಾವ್ಕಾ ಪ್ರವಾಸಿಗರಿಗೆ ಕೋಣೆ ಬಾಡಿಗೆಗೆ ಕೊಡುತ್ತಾಳೆ. ಫೋನಿಟ್ಟು ನನ್ನ ಕಡೆ ತಿರುಗಿದಳು. ಸಿಟ್ಟಿರಲಿಲ್ಲ. ಸಿಟ್ಟಿದ್ದರೇ ಒಳ್ಳೆಯದಿತ್ತು.

"ಸ್ಲಾವ್ಕಾಗೆ ಅಡುಗೆಮನೇಲಿ ಜನ ಬೇಕಂತೆ. ಮೂರು ವರ್ಷದಿಂದ ಕರೀತಿದಾಳೆ. ಹೋಗೋಣ ಅಂದ್ಕೊಂಡಿದೀನಿ."

"ಚಳಿಗಾಲಕ್ಕಾ?"

"ಹೋದ್ರೆ ಹೋದ ಹಾಗೇ. ಅರ್ಧ ಹೊಲ ನೆಲಸಮ ಆಗಿದೆ. ಜೋಳ ಇಲ್ದೆ ಹಂದಿಗೇನು ಹಾಕ್ಲಿ, ಹಸುಗೇನು ಹಾಕ್ಲಿ? ಹಸು ನೋಡೋಕೆ ತಿಂಗಳ ಕೊನೇಲಿ ಜನ ಬರ್ತಾರೆ. ಆಗ್ಲೂ ಕರಡಿ ಓಡಾಡ್ಕೊಂಡಿದ್ರೆ ಕೊಟ್ಟುಬಿಡ್ತೀನಿ. ಅದಕ್ಕೆ ಹೆದರ್ಕೊಂಡು ಒಬ್ಬಳೇ ಕೂತಿರೋಕೆ ನನ್ನ ಕೈಲಾಗಲ್ಲ ವಿಂಕೊ."

"ಕೋಪರ್ ಉಪ್ಪುಗಾಳಿ. ಕೀಲುನೋವು ಬರುತ್ತೆ" ಎಂದೆ. ಅದಕ್ಕಿಂತ ಒಳ್ಳೆಯ ಮಾತು ಬಾಯಿಗೆ ಬರಲಿಲ್ಲ.

"ಇಲ್ಲೂ ಇದೆ ಕೀಲುನೋವು" ಎಂದಳು. ಉಳಿ ಕೊಟ್ಟಳು.

ಆ ಕರಡಿಯನ್ನು ಹೊಡೆಯಲೇಬೇಕು. ಇವತ್ತೇ ಹೊಡೆಯುತ್ತೇನೆಂದು ಹೋಗಿ ಕೂತೆ. ಬಂತು. ಕಂಡಿತು. ಗುರಿ ಇಟ್ಟೆ. ಒಂದು ಕಣ್ಣು ಮುಚ್ಚಿ ಇನ್ನೊಂದರಲ್ಲಿ ಅದನ್ನು ನೋಡುತ್ತಿದ್ದಾಗ ಡಬ್ಬಿಯ ಹಗ್ಗ ಗಾಳಿಗೆ ಏಣಿಗೆ ತಾಗಿ ಟಕಟಕ ಎನ್ನುತ್ತಿತ್ತು. ಮನಸ್ಸು ಕೆಟ್ಟಿತು. ಇಂಥ ಮನಸ್ಸಿನಲ್ಲಿ ಹೊಡೆದರೆ ಗಾಯ ಮಾತ್ರ ಆಗುತ್ತದೆ, ಗಾಯಗೊಂಡ ಕರಡಿ ಇನ್ನೂ ಅಪಾಯ. ಬಿಟ್ಟೆ.

ಸೆಪ್ಟೆಂಬರ್ 21, ಶನಿವಾರ

ಗಾಶ್ಪೆರ್ ಮನೆಗೇ ಬಂದ. ಪಿಯರ್ ಹಣ್ಣಿನ ಬ್ರಾಂಡಿ ಕೊಟ್ಟೆ, ಕುಡಿಯಲಿಲ್ಲ. ಅದಕ್ಕೇ ಗೊತ್ತಾಯಿತು, ಸಂಘದ ಮುಖ್ಯಸ್ಥನಾಗಿ ಬಂದಿದ್ದಾನೆ ಎಂದು.

"ಮಾವ, ನೀವು ನಂಗೆ ಕೋವಿ ಹಿಡಿಯೋದು ಕಲಿಸಿದೋರು. ಅದಕ್ಕೇ ಇಷ್ಟು ದಿನ ಸುಮ್ಮನಿದ್ದೆ. ಪಾವ್ಲಮ್ಮನ ಮನೆ ಬಾಗಿಲಿಗೆ ಬಂದಿದೆ ಕರಡಿ. ನಾಳೆ ಅವರಿಗೇನಾದ್ರೂ ಆದ್ರೆ ನಾನು ಯಾರಿಗೆ ಮುಖ ತೋರಿಸ್ಲಿ? ಬುಧವಾರದಿಂದ ಆಲ್ಯಾಶ್ ಕೂರ್ತಾನೆ."

"ಕಣ್ಣು ಸರಿ ಇದೆಯಾ ನಿಮ್ಮದು?" ಎಂದೂ ಕೇಳಿದ, ಮೆತ್ತಗೆ.

ಕಣ್ಣು ಸರಿಯಾಗಿದೆ. ಅವನು ಹೋದ ಮೇಲೆ ಕಿಟಕಿಯಲ್ಲಿ ನಿಂತು ನೋಡಿದೆ. ಗುಡ್ಡದಾಚೆ ಪಾವ್ಲಾಳ ಹೊಗೆಗೂಡಿನಿಂದ ಎದ್ದ ಹೊಗೆ ಕೂಡ ಎಳೆ ಎಳೆಯಾಗಿ ಕಾಣುತ್ತಿತ್ತು. ಬಹಳ ಹೊತ್ತು ನೋಡಿದೆ.

ಸೆಪ್ಟೆಂಬರ್ 24, ಮಂಗಳವಾರ

ಎಲ್ಲವನ್ನೂ ಇದ್ದ ಹಾಗೆ ಬರೆಯುತ್ತೇನೆ.

ಸಂಜೆಗೆ ಮೊದಲೇ ಏಣಿ ಹತ್ತಿದೆ. ಮೂರನೆಯ ಮೆಟ್ಟಿಲು ಕಿರುಗುಟ್ಟಲಿಲ್ಲ. ನಾನೇ ಸರಿಮಾಡಿದ್ದು, ಆದರೂ ಸದ್ದು ಬಾರದ್ದಕ್ಕೆ ಬೇಸರವಾಯಿತು. ನಾಳೆಯಿಂದ ಆಲ್ಯಾಶ್ ಹತ್ತುತ್ತಾನೆ.

ಸ್ವಲ್ಪ ಹೊತ್ತಿನಲ್ಲಿ ಕೆಳಗೆ ಯಾರೋ ಬಂದಂತಾಯಿತು. ಹಗ್ಗ ಅಲುಗಲಿಲ್ಲ. ಏಣಿ ಅಲುಗಿತು. ಪಾವ್ಲಾ ಒಂದು ಕೈಯಲ್ಲಿ ಡಬ್ಬಿ ಹಿಡಿದು, ಇನ್ನೊಂದು ಕೈಯಲ್ಲಿ ಮೆಟ್ಟಿಲು ಹಿಡಿದು ಮೇಲೆ ಬರುತ್ತಿದ್ದಳು. ಡಬ್ಬಿ ಈಸಿಕೊಂಡು ಕೈ ಕೊಟ್ಟೆ. ಹಲಗೆಯ ಮೇಲೆ ನನ್ನ ಪಕ್ಕ, ರೂಡಿ ಕೂರುತ್ತಿದ್ದ ಜಾಗದಲ್ಲಿ ಕೂತಳು. ಏದುಸಿರು ಬಿಡುತ್ತಿದ್ದಳು.

"ಇಷ್ಟು ವರ್ಷದಲ್ಲಿ ಒಂದು ಸಲನೂ ಹತ್ತಿರ್ಲಿಲ್ಲ. ರೂಡಿ ಬಿಡ್ತಿರ್ಲಿಲ್ಲ" ಎಂದಳು.

"ಹೆಂಗಸರು ಹತ್ತಿದ್ರೆ ಬೇಟೆ ಸಿಗಲ್ಲ ಅಂತ."

"ನೀನು ಒಬ್ಬನೇ ಹತ್ತಿದ್ದಾಗ ಎಷ್ಟು ಸಿಕ್ತು?"

ಡಬ್ಬಿಯಲ್ಲಿ ಹುಳಿ ಎಲೆಕೋಸಿನ ಸಾರು. ಉಪ್ಪು ಸರಿಯಾಗಿತ್ತು. "ಕೊನೆ ಸಲ ಅಂತ ಮಾಡ್ದೆ. ನಾಳೆಯಿಂದ ನೀನು ಬರಲ್ವಂತೆ, ಗಾಶ್ಪೆರ್ ಹೇಳ್ದ" ಎಂದಳು. ನಾನು ತಿಂದೆ. ಅವಳು ಹೊಲವನ್ನೇ ನೋಡುತ್ತಿದ್ದಳು. ಮೇಲಿನಿಂದ ನೋಡಿದರೆ ಹೊಲದ ತುಂಬ ಕರಡಿ ಕೂತು ಎದ್ದ ಗುಂಡಗಿನ ಹಾಸುಗಳು. "ಅಯ್ಯೋ, ಇಷ್ಟೊಂದಾ" ಎಂದಳು. ಅಷ್ಟೇ.

ಆಮೇಲೆ ಅವಳು ನನ್ನ ತೋಳು ಮುಟ್ಟಿದಳು. ಪಾದ್ರಿ ಹೊರಬಂದಿತ್ತು. ಅದೇ ಹುಲ್ಲು, ಅದೇ ದಿಬ್ಬ, ಅದೇ ಮಗ್ಗುಲು. ಕೂತು ತೆನೆ ಸುಲಿಯತೊಡಗಿತು.

ಕೋವಿ ಎತ್ತಿದೆ. ಇಳಿಸಿದೆ.

"ಏನಾಯ್ತು?"

"ಬೆಳಕು ಸಾಲದು."

"ನಂಗೆ ಅದರ ಕಾಲರ್ ಕಾಣ್ತಿದೆ. ನಾನು ಕನ್ನಡಕನೂ ತಂದಿಲ್ಲ."

"ಗಾಳಿ ತಿರುಗ್ತಿದೆ."

ಅವಳು ಬೆರಳನ್ನು ನಾಲಿಗೆಗೆ ಮುಟ್ಟಿಸಿ ಎತ್ತಿ ಹಿಡಿದಳು. ರೂಡಿಯ ಹೆಂಡತಿ, ಅದನ್ನೆಲ್ಲ ಅವಳಿಗೆ ಯಾರೂ ಕಲಿಸಬೇಕಾಗಿಲ್ಲ. "ನಮ್ಮ ಮುಖಕ್ಕೇ ಬೀಸ್ತಿದೆ" ಎಂದಳು.

ಕರಡಿ ಒಂದು ತೆನೆ ಮುಗಿಸಿ ಇನ್ನೊಂದಕ್ಕೆ ಕೈ ಹಾಕಿತು. ಆಮೇಲೆ ಅವಳು ತೀರಾ ಮೆಲ್ಲಗೆ ಕೇಳಿದಳು, "ಮುಂಚೆನೂ ಹೀಗೇ ಬಂದು ಕೂತಿತ್ತಾ?"

"ಒಂದು ಸಲ."

ನನ್ನ ಮುಖ ನೋಡಿದಳು.

"ತುಂಬಾ ಸಲ" ಎಂದೆ.

ಈಗ ಬೈಯುತ್ತಾಳೆ, ಎದ್ದು ಹೋಗುತ್ತಾಳೆ ಎಂದುಕೊಂಡೆ. ಅರ್ಧ ಬೆಳೆ ಹೋಗಿದೆ, ಹಂದಿಗೂಡಿನ ಬಾಗಿಲು ಹೋಗಿದೆ, ಎಲ್ಲ ನನ್ನಿಂದ. ಬೈಯಲಿಲ್ಲ. ಖಾಲಿ ಡಬ್ಬಿಯ ಮುಚ್ಚಳವನ್ನು ತಿರುವಿ ತಿರುವಿ ಮುಚ್ಚಿದಳು. ಆಮೇಲೆ ಹೊಲದ ಕಡೆಗೇ ಮುಖ ಮಾಡಿಕೊಂಡು ಹೇಳಿದಳು:

"ವಿಂಕೊ, ಕರಡಿ ಇಲ್ದಿದ್ರೂ ನಾನು ಅಡುಗೆ ಮಾಡ್ತೀನಿ. ಇಬ್ಬರಿಗೆ ಮಾಡೋದು ಒಬ್ಬಳಿಗೆ ಮಾಡೋದಕ್ಕಿಂತ ಸುಲಭ. ಒಬ್ಬಳಿಗೆ ಅಂದ್ರೆ ಉಪ್ಪಿನ ಅಳತೆನೇ ಸಿಗಲ್ಲ."

ಆ ಮಾತಿಗೂ ಕರಡಿಗೂ ಏನು ಸಂಬಂಧ, ಆ ಹೊತ್ತಿನಲ್ಲಿ ಅದನ್ನು ಯಾಕೆ ಹೇಳಿದಳು, ನನಗೆ ತಿಳಿಯಲಿಲ್ಲ. ಆದರೆ ಬೆಳಕು ಸಾಲದೆಂದು ಈ ಸಲ ಅನ್ನಿಸಲಿಲ್ಲ. ಕೋವಿ ಎತ್ತಿದೆ. ಅವಳು ಕಿವಿ ಮುಚ್ಚಿಕೊಂಡಳು. ಹೊಡೆದೆ.

ಒಂದೇ ಗುಂಡು. ಕೂತಲ್ಲೇ ಒರಗಿತು.

ನಿಯಮದಂತೆ ಸ್ವಲ್ಪ ಹೊತ್ತು ಕಾದು, ತೋಟಾ ತುಂಬಿಕೊಂಡು ಇಳಿದು ಹೋದೆ. ಅವಳೂ ಬಂದಳು, ಬೇಡವೆಂದರೂ ಕೇಳಲಿಲ್ಲ. ಹತ್ತಿರದಿಂದ ಅದು ಇನ್ನೂ ಚಿಕ್ಕದಾಗಿತ್ತು. ಪಂಜದಲ್ಲಿ ತೆನೆ ಹಾಗೇ ಇತ್ತು. ನಾನು ಎಷ್ಟೋ ಕರಡಿ ಹೊಡೆದಿದ್ದೇನೆ, ಯಾವುದಕ್ಕೂ ಅತ್ತವನಲ್ಲ. ಇವತ್ತು ಅಳು ಬಂತು. ತಿಂಗಳಿಡೀ ದಿನವೂ ನೋಡಿದ್ದು ಅದರ ಮುಖ. ಮೊದಲ ದಿನವೇ ಹೊಡೆದಿದ್ದರೆ ಇಷ್ಟು ನೋಯುತ್ತಿರಲಿಲ್ಲ. ನಾನು ತಡ ಮಾಡಿದ್ದಕ್ಕೆ ಅದಕ್ಕೆ ಸಿಕ್ಕಿದ್ದು ನಾಲ್ಕು ವಾರದ ಊಟ. ನನಗೂ ಅಷ್ಟೇ.

ಸತ್ತ ಪ್ರಾಣಿಯ ಬಾಯಿಗೆ ಸೂಜಿಯೆಲೆಯ ಸ್ಪ್ರೂಸ್ ಮರದ ಹಸಿ ಟೊಂಗೆ ಇಡುವುದು ನಮ್ಮ ಪದ್ಧತಿ, ಕೊನೆಯ ತುತ್ತು ಅಂತ. ಇನ್ನೊಂದು ಟೊಂಗೆಯನ್ನು ಸಂಘದ ಹಿರಿಯ ಹೊಡೆದವನ ಟೊಪ್ಪಿಗೆಗೆ ಸಿಕ್ಕಿಸುತ್ತಾನೆ. ನಾನು ಟೊಂಗೆ ಮುರಿದು ತಂದು ಅದರ ಬಾಯಿ ತೆರೆದೆ. ಬಾಯಿ ತುಂಬ ಜೋಳ. ಟೊಂಗೆ ಹಿಡಿದುಕೊಂಡು ಹಾಗೇ ಕೂತುಬಿಟ್ಟೆ, ಎಲ್ಲಿಡಲಿ ಎಂದು ತಿಳಿಯದೆ.

ಪಾವ್ಲಾ ಅದನ್ನು ನನ್ನ ಕೈಯಿಂದ ತೆಗೆದುಕೊಂಡು ಎರಡು ಮಾಡಿದಳು. ಒಂದನ್ನು ಕರಡಿಯ ತುಟಿಯಂಚಿಗೆ ಇಟ್ಟಳು. "ಅವನ ಕೊನೆ ತುತ್ತು ಅವನೇ ತಿಂದಾಗಿದೆ" ಎಂದಳು. ಇನ್ನೊಂದನ್ನು ನನ್ನ ಟೊಪ್ಪಿಗೆಯ ಪಟ್ಟಿಗೆ ಸಿಕ್ಕಿಸಿದಳು. ಪದ್ಧತಿಯಂತೆ ಆಗ ಹೇಳಬೇಕಾದ ಹಾರೈಕೆಯ ಮಾತು ಹೇಳಲಿಲ್ಲ. "ರೂಡಿ ಟೊಪ್ಪಿಗೇಲಿ ಒಣಗಿದ ಟೊಂಗೆ ಯಾವಾಗಲೂ ನಾನೇ ತೆಗೀತಿದ್ದೆ" ಎಂದಳು.

ಗಾಶ್ಪೆರ್‌ಗೆ ಫೋನು ಮಾಡಿದೆ. ಆಲ್ಯಾಶ್ ಕೂಡ ಬಂದ, ಎತ್ತಿ ಗಾಡಿಗೆ ಹಾಕಲು. ಒಳ್ಳೆಯ ಹುಡುಗ. "ಒಂದೇ ಗುಂಡಲ್ಲಿ, ಈ ಬೆಳಕಲ್ಲಿ" ಎಂದು ಬೆರಗಾದ. ಬೆಳಕು ಬೇಕಾದಷ್ಟಿತ್ತು ಎಂದು ಹೇಳಿದೆ.

ಸೆಪ್ಟೆಂಬರ್ 25, ಬುಧವಾರ

ಹೋಗಲಿಲ್ಲ. ಹೋಗಲು ಕಾರಣವಿರಲಿಲ್ಲ. ಸಂಜೆಯಾಗುತ್ತಲೇ ಕಾಲು ತಾನಾಗಿ ಬಾಗಿಲಿಗೆ ಹೋಯಿತು, ವಾಪಸು ಬಂತು. ಬ್ರೆಡ್ಡು ಕತ್ತರಿಸಿದೆ, ತಿನ್ನಲಿಲ್ಲ.

ಇಬ್ಬರಿಗೆ ಮಾಡುತ್ತೇನೆ ಎಂದಿದ್ದಳು. ಯಾವತ್ತು ಎಂದು ಹೇಳಲಿಲ್ಲವಲ್ಲ. ಕೋಪರ್‌ಗೆ ಹೋಗುವ ಮುಂಚೆ ಒಂದು ದಿನ ಇರಬೇಕು.

ಸೆಪ್ಟೆಂಬರ್ 29, ಭಾನುವಾರ

ಬೆಳಿಗ್ಗೆ ಚರ್ಚಿನ ಹೊರಗೆ ಎಲ್ಲರ ಮುಂದೆ ಪಾವ್ಲಾ ನನ್ನನ್ನು ತಡೆದು ನಿಲ್ಲಿಸಿದಳು. "ಏನಯ್ಯಾ, ನಾಲ್ಕು ದಿನದಿಂದ ಸಾರು ಹಂದಿಗೆ ಹಾಕ್ತಿದೀನಿ. ಹಂದಿ ಕೊಬ್ತಾ ಇದೆ. ಬರ್ತೀಯೋ ಇಲ್ವೋ?"

ಸಂಜೆ ಹಸಿರು ಅಂಗಿ ಹಾಕಿಕೊಂಡು ಹೋದೆ. ಗಡ್ಡ ಬೋಳಿಸಿಕೊಂಡೆ. ಈ ಸಲ ಯಾವ ಕರಡಿಗೂ ಅಲ್ಲ, ಸುಮ್ಮನೆ. ಮೊದಲ ಸಲ ಅವಳ ಮನೆಯ ಮುಂಬಾಗಿಲಿನಿಂದ ಒಳಗೆ ಹೋಗಿ ಮೇಜಿಗೆ ಕೂತೆ. ರೂಡಿಯ ಕುರ್ಚಿ ಯಾವುದೆಂದು ಗೊತ್ತಿದ್ದರಿಂದ ಬೇರೆಯದರಲ್ಲಿ ಕೂತೆ. ಅವಳು ನೋಡಿದಳು, ತಟ್ಟೆಯನ್ನು ನನ್ನ ಮುಂದಕ್ಕೆ ಸರಿಸಿದಳು.

ಜೋಳದ ಮುದ್ದೆ, ಹುರಿದ ಕೊಬ್ಬು, ಹುಳಿ ಹಾಲು. ಹಿಟ್ಟು ಈ ವರ್ಷದ್ದು. ಕರಡಿ ಬಿಟ್ಟ ತೆನೆಗಳಲ್ಲಿ ಗಟ್ಟಿಯಾದವನ್ನು ಒಲೆಯ ಮೇಲೆ ಒಣಗಿಸಿ ಬೀಸಿದ್ದಾಳೆ. ಸ್ವಲ್ಪ ಕಹಿ ಇತ್ತು, ಹೇಳಲಿಲ್ಲ.

"ಹಸು ನೋಡೋಕೆ ಬಂದಿದ್ರಾ?" ಎಂದು ಪಿಸುಗುಟ್ಟಿದೆ.

"ಬಂದಿದ್ರು" ಎಂದು ಅವಳೂ ಪಿಸುಗುಟ್ಟಿದಳು. "ಒದೀತು. ಹೋದ್ರು."

"ಮತ್ತೆ ಬರ್ತಾರಾ?"

"ಬಂದ್ರೆ ಮತ್ತೆ ಒದಿಯುತ್ತೆ."

ಆಗ ಫೋನು ಬಡಿದುಕೊಂಡಿತು. ಕೋಪರ್‌ನಿಂದ ಸ್ಲಾವ್ಕಾ. ಅವಳ ಗಂಟಲು ದೊಡ್ಡದು, ಮೇಜಿನ ಈಚೆಗೂ ಕೇಳುತ್ತಿತ್ತು. ಯಾವತ್ತು ಬರುತ್ತೀಯ, ಕೋಣೆ ತೊಳೆಸಿಟ್ಟಿದ್ದೇನೆ ಎನ್ನುತ್ತಿದ್ದಳು. ಪಾವ್ಲಾ, "ಈ ವರ್ಷ ಆಗಲ್ಲ ಕಣೇ" ಎಂದಳು.

"ಏನು? ಕೇಳಿಸ್ತಿಲ್ಲ. ಯಾಕೆ ಪಿಸುಗುಡ್ತಿದೀಯ? ಯಾರಾದ್ರೂ ಮಲಗಿದಾರಾ?"

ಪಾವ್ಲಾ ನನ್ನ ಮುಖ ನೋಡಿದಳು. ಇಡೀ ಸಂಜೆ ನಾವಿಬ್ಬರೂ ಪಿಸುಗುಡುತ್ತಲೇ ಇದ್ದೆವು ಎಂದು ಆಗ ಗೊತ್ತಾಯಿತು. ಜೋರಾಗಿ ಮಾತಾಡಿದರೆ ಓಡಿಹೋಗಲು ಅಲ್ಲಿ ಯಾವ ಕರಡಿಯೂ ಇರಲಿಲ್ಲ.

"ಯಾರೂ ಮಲಗಿಲ್ಲ" ಎಂದಳು ಪಾವ್ಲಾ, ಇನ್ನೂ ಅದೇ ದನಿಯಲ್ಲಿ. "ಊಟಕ್ಕೆ ಕೂತಿದೀವಿ."

ಮನೆಗೆ ಬಂದು ಇದನ್ನು ಬರೆಯುತ್ತಿದ್ದೇನೆ. ಟೊಪ್ಪಿಗೆಯ ಟೊಂಗೆ ಒಣಗಲು ಶುರುವಾಗಿದೆ, ನಾನು ತೆಗೆಯಲಿಲ್ಲ.

ಗಾಳಿ: ನೋಡಲಿಲ್ಲ.